ತಿಪ್ಪಣ್ಣನ ‘ನಮ್ಮಾಕಿ’ ಗುಜರಿಗೆ ಹೋದದ್ದು

ಗ್ಯಾರೇಜಿನ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕಂಡಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಕೆಟ್ಟ ಭಾಗ ಬಿಚ್ಚಿ ಹೊಸದು ಹಾಕುತ್ತ ಹೋದರೆ ಯಾವ ಗಾಡಿಯೂ ಸಾಯಬಾರದಲ್ಲ, ಮತ್ತೆ ಹಳೆಯ ಕಾರುಗಳೆಲ್ಲ ಕೊನೆಗೆ ಗುಜರಿ ಅಂಗಡಿಗೆ ಯಾಕೆ ಹೋಗುತ್ತವೆ ಎಂದು. ಒಳ್ಳೆಯ ಪ್ರಶ್ನೆ. ಹರೆಯದಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ತಿಳಿದಿದ್ದೆ ಎನ್ನುವುದಕ್ಕಿಂತ ಹಾಗೆಂದು ಸೊಕ್ಕು ಮಾಡುತ್ತಿದ್ದೆ ಎನ್ನುವುದೇ ಸರಿ. ನನ್ನ ಕೈಗೆ ಬಂದ ಗಾಡಿ ಗುಜರಿಯ ಮುಖ ನೋಡುವುದಿಲ್ಲ ಎಂದು ರಾಯಚೂರಿನ ಚಹಾದಂಗಡಿಗಳಲ್ಲಿ ಕೂತು ಹೇಳಿದವನು ನಾನು. ಆ ಸೊಕ್ಕು ಇಳಿದದ್ದು ಮಾನ್ವಿಯ ಒಂದು ಓಣಿಯಲ್ಲಿ, ಸತ್ತವರ ಮನೆಗೆಂದು ತಂದ ರೊಟ್ಟಿ ಮುರಿಯುವಾಗ. ಅದನ್ನೇ ಇಲ್ಲಿ ಬರೆಯುತ್ತೇನೆ.

ನನ್ನ ಹೆಸರು ನರಸಪ್ಪ. ಅಪ್ಪ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಎಪ್ಪತ್ತರ ದಶಕದ ಮೊದಲಿಗೆ, ಮದುವೆಯೂ ಆದ ಮೇಲೆ, ರಾಯಚೂರಿನಲ್ಲಿ ಮೌಲಾಸಾಬ್ ಎಂಬ ಮಿಸ್ತ್ರಿಯ ಗ್ಯಾರೇಜು ಸೇರಿದೆ. ನಾವೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಗಿರಾಕಿಗಳೊಂದಿಗೆ ಕನ್ನಡ, ಮನೆಯವರೊಂದಿಗೆ ದಖನಿ ಉರ್ದು, ತುಕ್ಕು ಹಿಡಿದು ಬಿಚ್ಚದ ನಟ್ಟಿನೊಂದಿಗೆ ಬೈಗುಳ, ಹೀಗೆ ಅವರಿಗೆ ಮೂರು ಭಾಷೆ. ಯಾವ ಗಾಡಿ ಬಂದರೂ ಬಾನೆಟ್ ಎತ್ತುವ ಮೊದಲು ಉಸ್ತಾದರು ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗುವರು. ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಹಿಂದಿನವರೆಗೆ ಬಡಿಯುತ್ತ ಹೋಗುವರು. ಸಂತೆಯಲ್ಲಿ ಹೆಂಗಸರು ಮಡಕೆ ಬಡಿದು ನೋಡುತ್ತಾರಲ್ಲ, ಹಾಗೆ. ಠಣ್ ಎಂದರೆ ಉಕ್ಕು ಗಟ್ಟಿ. ದಬ್ ಎಂದರೆ ಒಳಗೆ ತಿಂದಿದೆ. ಎಂಜಿನ್ನಿನ ತೊಂದರೆ ಹೇಳಿಕೊಂಡು ಬಂದವನ ಗಾಡಿಯ ಕೆಳಗೆ ಇವರು ಯಾಕೆ ಹೀಗೆ ಹೊತ್ತು ಕಳೆಯುತ್ತಾರೆ ಎಂದು ನನಗೆ ಬೇಸರವಾಗುತ್ತಿತ್ತು. ಮುದುಕರ ಹಟ ಎಂದುಕೊಂಡು ನಾನು ಸ್ಪಾನರ್ ಒರೆಸುತ್ತ ಕೂರುತ್ತಿದ್ದೆ.

ಆಗಿನ ಕೆಲಸವೇ ಬೇರೆ. ಈಗ ಡಬ್ಬಿ ಒಡೆದು ಹೊಸ ಭಾಗ ತೆಗೆದು ಕೂಡಿಸಿದರೆ ಮುಗಿಯಿತು. ಆಗ ಹಳೆಯ ಕಾರಿನ ಒಂದು ಬುಷ್ ಬೇಕೆಂದರೆ ಹೈದರಾಬಾದಿಗೆ ಕಾಗದ ಬರೆದು ಬಸ್ಸಿನ ದಾರಿ ಕಾಯಬೇಕು. ಬಂದರೆ ಬಂತು, ಇಲ್ಲದಿದ್ದರೆ ನಾವೇ ಲೇತಿನ ಮೇಲೆ ಕಡೆದು ಮಾಡಬೇಕು. ಗ್ಯಾಸ್ಕೆಟ್ಟನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದೆ. ಲಾರಿಯ ಹಳೇ ಉಕ್ಕಿನ ಪಟ್ಟಿಯಿಂದ ಕಾರಿಗೆ ಸ್ಪ್ರಿಂಗು ಮಾಡುತ್ತಿದ್ದೆ. ಇಲ್ಲದ್ದನ್ನು ಹುಟ್ಟಿಸುವ ಕೈ ಬಂದರೆ ಮನುಷ್ಯನಿಗೆ ತಾನೇ ಬ್ರಹ್ಮ ಎನಿಸುತ್ತದೆ. ನನಗೂ ಅನಿಸಿತು.

ಮೊದಲ ಪೆಟ್ಟು ಬಿದ್ದದ್ದು ದೇವದುರ್ಗದಲ್ಲಿ. ಅಲ್ಲಿಯ ಒಬ್ಬ ಹತ್ತಿ ವ್ಯಾಪಾರಿಯ ಹಳೇ ಜೀಪಿಗೆ ಹಿಂದಿನ ಸ್ಪ್ರಿಂಗು ಮುರಿದಿತ್ತು. ನಾನು ಹೊಸದಾಗಿ, ಬಲವಾಗಿ ಕಟ್ಟಿ ಹಾಕಿದೆ. ಹದಿನೈದು ದಿನಕ್ಕೆ ಸ್ಪ್ರಿಂಗು ನೇತಾಡುವ ಕೊಂಡಿ ಮುರಿಯಿತು. ಕೊಂಡಿಯನ್ನೂ ಗಟ್ಟಿ ಉಕ್ಕಿನಲ್ಲಿ ಮಾಡಿಕೊಟ್ಟೆ. ಕೊಂಡಿ ಹಿಡಿದಿದ್ದ ಬ್ರಾಕೆಟ್ ಕಿತ್ತುಬಂತು. ಬ್ರಾಕೆಟ್ ಬಲಪಡಿಸಿದೆ, ಅದರ ಪಕ್ಕದಲ್ಲಿ ಗಾಡಿಯ ಅಡಿಚೌಕಟ್ಟಾದ ಚಾಸಿಯೇ ಬಿರಿಯಿತು. ಮೂರನೆಯ ಸಲ ಬಸ್ಸಿನಲ್ಲಿ ಸಾಮಾನು ಹೊತ್ತು ದೇವದುರ್ಗಕ್ಕೆ ಹೋದಾಗ ವ್ಯಾಪಾರಿ ಸಿಟ್ಟು ಮಾಡಲಿಲ್ಲ. ಚಹಾ ತರಿಸಿ, ನಿಧಾನವಾಗಿ ಹೇಳಿದ:

“ನರಸಪ್ಪ, ನೀ ಮಾಡಿದ್ದು ಎಲ್ಲಾ ಗಟ್ಟಿ ಅದ. ಮುರಿಯೋದೆಲ್ಲ ಅದರ ಬಾಜೂದ್ದು.”

ನಾನು ನಕ್ಕೆ. ಊರಿಗೆ ಬಂದು ಉಸ್ತಾದರಿಗೂ ಹೇಳಿ ನಗಿಸಿದೆ. ಅವರು ನಕ್ಕು, ಹಳೇ ಕೌದಿಗೆ ಹೊಸ ಜೀನ್ ಬಟ್ಟೆಯ ತೇಪೆ ಹಚ್ಚಿದರೆ ಕೌದಿಯೇ ಹರಿಯುತ್ತದೆ, ವ್ಯಾಪಾರಿ ನಿನಗಿಂತ ಜಾಣ ಮಿಸ್ತ್ರಿ ಎಂದರು. ಅಲ್ಲಿಗೇ ನಾನು ಪಾಠ ಕಲಿಯಬೇಕಿತ್ತು. ಕಲಿಯಲಿಲ್ಲ.

ಈಗ ತಿಪ್ಪಣ್ಣನ ಮಾತಿಗೆ ಬರುತ್ತೇನೆ. ಮಾನ್ವಿಯ ತಿಪ್ಪಣ್ಣನ ಹತ್ತಿರ ದುಂಡು ಬೆನ್ನಿನ ಹಳೇ ಲ್ಯಾಂಡ್‌ಮಾಸ್ಟರ್ ಕಾರು ಇತ್ತು. ಬಾಡಿಗೆಗೆ ಓಡಿಸುತ್ತಿದ್ದ. ಮಲ್ಲಟ, ಹಿರೇಕೊಟ್ನೆಕಲ್, ಬಾಗಲವಾಡದ ಕಡೆ ಮದುಮಕ್ಕಳನ್ನು ತರುವುದು, ಬಸುರಿಯರನ್ನು, ಹಾವು ಕಚ್ಚಿದವರನ್ನು ದವಾಖಾನೆಗೆ ಮುಟ್ಟಿಸುವುದು, ಎಲ್ಲಕ್ಕೂ ಆ ಕಾರೇ. ಅವನಿಗೆ ಮಕ್ಕಳಿರಲಿಲ್ಲ. ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹೇಳದೆ ‘ನಮ್ಮಾಕಿ’ ಎನ್ನುವುದು ರೂಢಿ. ತಿಪ್ಪಣ್ಣ ಕಾರಿಗೂ ನಮ್ಮಾಕಿ ಎನ್ನುತ್ತಿದ್ದ. “ನಮ್ಮಾಕಿಗೆ ಇವತ್ತ ಯಾಕೋ ಕೆಮ್ಮು ಬಂದದ” ಎಂದು ಗ್ಯಾರೇಜಿಗೆ ಬಂದರೆ, ಕೆಮ್ಮು ಹೆಂಡತಿ ಈರಮ್ಮನಿಗೋ ಕಾರ್ಬ್ಯುರೇಟರಿಗೋ ಎಂದು ನಾವು ಕೇಳಿ ತಿಳಿಯಬೇಕಿತ್ತು. ಈರಮ್ಮನೂ ಬಿಡುವವಳಲ್ಲ. ತನ್ನ ಸವತಿಗೆ ಎಣ್ಣೆ ಬದಲಿಸುವ ಗಂಡ ತನ್ನ ತಲೆಗೆ ಒಂದು ದಿನವೂ ಎಣ್ಣೆ ತಂದಿಲ್ಲ ಎಂದು ಆಡಿಕೊಳ್ಳುತ್ತಿದ್ದಳು.

ಆ ಕಾರಿಗೆ ಲಾರಿಗಿದ್ದಂತೆ ಬೇರೆ ಚಾಸಿ ಇಲ್ಲ. ತಳದ ತಗಡೇ, ಅದರಲ್ಲಿ ಪೆಟ್ಟಿಗೆಯಂತೆ ಮಡಚಿದ ಉಕ್ಕೇ ಅದರ ಬೆನ್ನೆಲುಬು. ಇದನ್ನು ನೆನಪಿಡಿ. ಕಾಲುವೆ ನೀರು ಬಂದ ಮೇಲೆ ಮಾನ್ವಿ ಸೀಮೆಯಲ್ಲಿ ಭತ್ತದ ಗದ್ದೆಗಳಾದವು. ಗದ್ದೆಯ ನೀರು ಬೇಸಿಗೆಯಲ್ಲೂ ರಸ್ತೆಯ ಮೇಲೆ ಹರಿಯುತ್ತಿತ್ತು. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತು, ಒಮ್ಮೆ ಹಿಡಿದರೆ ಚಪ್ಪಲಿಯನ್ನೂ ಬಿಡುವುದಿಲ್ಲ. ಅದು ಕಾರಿನ ತಳದ ಮಡಿಕೆಗಳಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತಿತ್ತು.

ಒಂದು ಸಲ ತಿಪ್ಪಣ್ಣ ತಳದಲ್ಲಿ ತುಕ್ಕು ಕಂಡಿದೆ ಎಂದು ಹೆದರಿ ಬಂದ. ಉಸ್ತಾದರು ಮಗಳ ಮನೆಗೆ ಹೋಗಿದ್ದರು. ನನ್ನ ಜಾಣತನ ತೋರಿಸಲು ಇದೇ ಸಮಯ ಎಂದುಕೊಂಡೆ. ರಸ್ತೆ ಕೆಲಸದವರಿಂದ ಒಂದು ಡಬ್ಬಿ ಡಾಂಬರು ತಂದು, ಕಾಯಿಸಿ, ತಳಕ್ಕೆಲ್ಲ ಬಳಿದೆ. ಹೊರಗೆ ಕಂಡ ಮಣ್ಣು ಕೆರೆದೆ. ಮಡಿಕೆಗಳ ಒಳಗಿನದನ್ನು ತೆಗೆಯಲಿಲ್ಲ. ಅದಕ್ಕೆ ಎರಡು ದಿನ ಬೇಕಿತ್ತು, ಮತ್ತು ಮದುವೆಯ ಸುಗ್ಗಿ ಎಂದು ತಿಪ್ಪಣ್ಣ ಅವಸರ ಮಾಡುತ್ತಿದ್ದ. ಡಾಂಬರು ಬಳಿದ ತಳ ಎಮ್ಮೆಯ ಮೈಯಂತೆ ಮಿಂಚಿತು. ಇನ್ನು ಹತ್ತು ವರ್ಷ ನೋಡುವ ಹಾಗಿಲ್ಲ ಎಂದು ಮಾತು ಕೊಟ್ಟೆ. ಉಸ್ತಾದರು ಬಂದಾಗ ಕಾರು ಹೋಗಿಯಾಗಿತ್ತು. ಬಡಿದು ನೋಡಿದೆಯಾ ಎಂದು ಕೇಳಿದರು. ನೋಡಿದೆ ಎಂದೆ. ಸುಳ್ಳು.

ಎರಡು ಮಳೆಗಾಲ ಕಳೆದವು. ತಿಪ್ಪಣ್ಣ ಡಾಂಬರಿನ ಗುಣಗಾನ ಮಾಡಿ ನನಗೆ ಇನ್ನಷ್ಟು ಗಿರಾಕಿಗಳನ್ನು ಕಳಿಸಿದ. ನನ್ನ ಪುಣ್ಯ, ಅವರು ಡಾಂಬರು ಕೇಳಲಿಲ್ಲ.

ಮಲ್ಲಟದ ಹುಲಿಗೆಮ್ಮ ಎಂಬ ಮುದುಕಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಿಗ್ಗೆ ನೋವು ಶುರುವಾಯಿತು. ತಿಪ್ಪಣ್ಣನಿಗೆ ಹೇಳಿಕಳಿಸಿದರು. ತಾಯಿ ಮಗಳು ಹಿಂದಿನ ಸೀಟಿನಲ್ಲಿ ಕೂತರು. ಕಾಲುವೆ ಏರಿಯ ರಸ್ತೆಯಲ್ಲಿ ಒಂದು ತಗ್ಗಿಗೆ ಚಕ್ರ ಬಿದ್ದದ್ದೇ ತಡ, ಹಿಂದಿನ ಸೀಟು ತಾನಾಗಿ ಮೇಲೆದ್ದಿತು. ಸ್ಪ್ರಿಂಗಿನ ತುದಿ ಹಿಡಿದಿದ್ದ ಉಕ್ಕು ಕಿತ್ತು, ಸ್ಪ್ರಿಂಗು ತಳವನ್ನು ತೂರಿ ಮೇಲೆ ಬಂದಿತ್ತು. ಹಿಂದಿನ ಚಕ್ರ ಅಡ್ಡ ತಿರುಗಿತು. ಕಾರು ಕಾಲುವೆಯ ಕಡೆಗೆ ಜಾರಿ, ಏರಿಯ ತುದಿಯ ಜಾಲಿ ಗಿಡಕ್ಕೆ ಒರಗಿ ನಿಂತಿತು. ಗಿಡದ ಆಚೆ ತುಂಬಿದ ಕಾಲುವೆ. ಹಿಂದಿನಿಂದ ಬರುತ್ತಿದ್ದ ಟ್ರ್ಯಾಕ್ಟರಿನವನು ಭತ್ತದ ಚೀಲ ಅಲ್ಲೇ ಇಳಿಸಿ ಇವರನ್ನು ಹತ್ತಿಸಿಕೊಂಡು ಮಾನ್ವಿಯ ದವಾಖಾನೆಗೆ ಮುಟ್ಟಿಸಿದ. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು, ಅಜ್ಜಿ ಮೂವರೂ ಕ್ಷೇಮ. ಈ ಸುದ್ದಿ ಕೇಳಿದಾಗ ನಾನು ಗ್ಯಾರೇಜಿನ ಹಿಂದೆ ಹೋಗಿ ನೀರು ಕುಡಿದೆ.

ಕಾರನ್ನು ಲಾರಿಗೆ ಕಟ್ಟಿ ರಾಯಚೂರಿಗೆ ಎಳೆದು ತಂದರು. ಉಸ್ತಾದರು ಗೋಣಿಚೀಲ ಹಾಸಿ ಮಲಗಿ ಬಡಿದರು. ದಬ್, ದಬ್, ದಬ್. ಮುಂದಿನಿಂದ ಹಿಂದಿನವರೆಗೂ ಅದೇ. ನನ್ನನ್ನು ಕರೆದು ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. ನಾನೂ ಕೆಳಗೆ ಮಲಗಿ ಡಾಂಬರಿನ ಮೇಲೆ ಒತ್ತಿದೆ. ಹಿಡಿಯವರೆಗೆ ಒಳಗೆ ಹೋಯಿತು. ತೆಗೆದಾಗ ಆ ತೂತಿನಿಂದ ಎರೆಮಣ್ಣು ಹಸಿಹಸಿಯಾಗಿ ನನ್ನ ಮುಖದ ಮೇಲೆ ಬಿತ್ತು. ಎರಡು ವರ್ಷದ ಕೆಳಗೆ ನಾನೇ ಒಳಗಿಟ್ಟು ಮುಚ್ಚಿದ ಮಣ್ಣು. ಡಾಂಬರು ನೀರು ಒಳಗೆ ಹೋಗದಂತೆ ತಡೆದಿರಲಿಲ್ಲ, ಹೊರಗೆ ಬರದಂತೆ ತಡೆದಿತ್ತು. ಮೇಲೆ ಥಳಕು, ಒಳಗೆ ಹುಳುಕು.

ತಿಪ್ಪಣ್ಣ ಮಾತ್ರ ಬಿಡಲೊಲ್ಲ. ಮೂರು ದಿನ ಗ್ಯಾರೇಜಿನಲ್ಲೇ ಉಳಿದು, ವೆಲ್ಡಿಂಗ್ ಮಾಡಿ ಕೊಡಿ ಎಂದು ಗೋಗರೆದ. ಎಂಜಿನ್ ಚಾಲೂ ಮಾಡಿ ತೋರಿಸಿದ. ಎಂಜಿನ್ ಪಾಪ, ಗಡಿಯಾರದಂತೆ ನಡೆಯುತ್ತಿತ್ತು. ಇಷ್ಟು ಚಂದ ಉಸಿರಾಡುವುದನ್ನು ಸತ್ತಿದೆ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದ. ಅದು ಹೋದರೆ ಅವನ ಹೊಟ್ಟೆಪಾಡೂ ಹೋದಂತೆ, ಮೂರೂರಿನಲ್ಲಿ ಅವನಿಗಿದ್ದ ಮಾನವೂ ಹೋದಂತೆ. ಅವನ ಸಮಾಧಾನಕ್ಕೆ ಉಸ್ತಾದರು ವೆಲ್ಡಿಂಗ್ ಹಿಡಿದು ತೋರಿಸಿದರು. ರೂಪಾಯಿಯಷ್ಟಿದ್ದ ತೂತು ಕಾಗದ ಸುಟ್ಟಂತೆ ಸುಟ್ಟು ತಟ್ಟೆಯಷ್ಟಾಯಿತು. ಉಸ್ತಾದರು ವೆಲ್ಡಿಂಗ್ ಕೆಳಗಿಟ್ಟರು.

“ತಿಪ್ಪಣ್ಣ, ಮುರದದ್ದು ಕೂಡಸ್ತೀನಿ. ಇಲ್ಲದ್ದನ್ನ ಹೆಂಗ ಕೂಡಸ್ಲಿ? ಬೆಸಿಗಿ ಹಿಡ್ಕೊಳಾಕ ಬಾಜೂಕ ಗಟ್ಟಿ ತಗಡು ಬೇಕಲ್ಲಪ್ಪಾ. ಈ ಕಾರಿನ ತಳ ಈಗ ಎಲ್ಲೂ ಬರಂಗಿಲ್ಲ. ಹೊಸಾ ತಳ ಮಾಡಿದ್ರ ಅದು ಬ್ಯಾರೆ ಕಾರ ಆಗ್ತದ.”

ಹೊಸಬರು ಕೇಳುವ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟೇ, ಅದೂ ಉಸ್ತಾದರದ್ದು. ಗಾಡಿ ಗುಜರಿಗೆ ಹೋಗುವುದು ಏನೋ ಕೆಟ್ಟಿದೆ ಎಂದಲ್ಲ. ರಿಪೇರಿಯನ್ನು ಹಿಡಿದುಕೊಳ್ಳುವ ಜಾಗವೇ ಉಳಿದಿಲ್ಲ ಎಂದು.

ಕೊನೆಗೆ ತಿಪ್ಪಣ್ಣ ಒಪ್ಪಿದ. ಒಪ್ಪಿ, ನನ್ನ ಕಡೆ ತಿರುಗಿ, ನೀನು ಡಾಂಬರು ಬಳಿದದ್ದಕ್ಕೆ ಎರಡು ವರ್ಷವಾದರೂ ಬಾಳಿತು ಎಂದು ಕೈಮುಗಿದ. ಉಸ್ತಾದರು ನನ್ನನ್ನೇ ನೋಡುತ್ತಿದ್ದರು. ನಾನೂ ತಿರುಗಿ ಕೈಮುಗಿದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಡಾಂಬರು ಬಳಿದದ್ದಲ್ಲ, ಆ ಕೈಮುಗಿದದ್ದನ್ನು ಸ್ವೀಕರಿಸಿದ್ದು.

ಹಳ್ಳಿಯವರು ಬಾಡಿಗೆಗೆ ದಾರಿ ಕಾಯಬಾರದು, ಸುದ್ದಿ ಮುಟ್ಟಿಸಬೇಕು ಎಂದು ತಿಪ್ಪಣ್ಣ ಹೇಳಿದ. ಆಗಲೇ ಮಾನ್ವಿ ಬಸ್ಸಿನ ಕಂಡಕ್ಟರ್ ಚಹಾಕ್ಕೆಂದು ಗ್ಯಾರೇಜಿನ ಮುಂದೆ ಬಂದ. ಅವನೂ ಮನೆಯಲ್ಲಿ ದಖನಿ ಮಾತಾಡುವವನು. ದಖನಿಯಲ್ಲಿ ಯಾರಾದರೂ ತೀರಿಕೊಂಡರೆ ‘ಗುಜರ್ ಗಯೇ’ ಎನ್ನುತ್ತಾರೆ. ಆ ಮಾತಿಗೂ ಹಳೇ ಸಾಮಾನಿನ ಗುಜರಿಗೂ ನಂಟುಂಟೋ ಇಲ್ಲವೋ, ತಿಳಿದವರು ಹೇಳಬೇಕು. ಉಸ್ತಾದರಿಗೆ ಅಂಥ ದುಃಖದಲ್ಲೂ ಚೇಷ್ಟೆ ಬಿಡದು. ಎಲ್ಲರಿಗೂ ತಿಳಿಸು ಎಂದು ಅವರು ಕಂಡಕ್ಟರನಿಗೆ ಹೇಳಿದ್ದು ಇಷ್ಟೇ:

“ತಿಪ್ಪಣ್ಣ ಕೀ ನಮ್ಮಾಕಿ ಗುಜರ್ ಗಯೀ. ಮಾನ್ವಿ, ಮಲ್ಲಟ, ಸಬ್ ಕೋ ಬೋಲ್ ದೇ.”

ಕಂಡಕ್ಟರ್ ಗ್ಯಾರೇಜಿನೊಳಗೆ ತಲೆ ತಗ್ಗಿಸಿ ಕೂತಿದ್ದ ತಿಪ್ಪಣ್ಣನನ್ನು ನೋಡಿದ. ಚಹಾ ಬಿಟ್ಟು ಎದ್ದು ಹೋದ. ನಮಗೆ ಆಗಲೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನೂ ತಿಪ್ಪಣ್ಣನೂ ಮಾನ್ವಿಗೆ ಹೊರಟೆವು. ಕಾರಿನ ಹಿಂದಿನ ಸೀಟು ಮತ್ತು ಹಾರ್ನ್ ತನಗೆ ಬೇಕೆಂದು ತಿಪ್ಪಣ್ಣ ಹೇಳಿದ್ದ. ಸೀಟಿಗೆ ಎಣ್ಣೆ ಹತ್ತಬಾರದೆಂದು ಬಿಳಿ ಧೋತರ ಸುತ್ತಿ, ಬಸ್ಸಿನ ಮೇಲೆ ಹಾಕಿ ತಂದೆವು. ಇಬ್ಬರೂ ಆ ಕಡೆ ಈ ಕಡೆ ಹಿಡಿದು ಓಣಿಗೆ ಬಂದೆವು. ತಿಪ್ಪಣ್ಣನ ಮನೆಗೆ ಬೀಗ. ಈರಮ್ಮ ಎರಡು ದಿನದ ಹಿಂದೆ ಹಿರೇಕೊಟ್ನೆಕಲ್ಲಿನ ತವರಿಗೆ ಹೋಗಿದ್ದಳು. ಆದರೆ ಮನೆಯ ಮುಂದೆ ಜನವೋ ಜನ. ಮಲ್ಲಟದವರು, ಬಾಗಲವಾಡದವರು, ಓಣಿಯವರು. ಬಿಳಿ ಬಟ್ಟೆ ಸುತ್ತಿದ ಉದ್ದನೆಯದನ್ನು ನಾವು ಹೊತ್ತು ತರುವುದನ್ನು ಕಂಡದ್ದೇ ತಡ, ಹೆಂಗಸರು ಬಾಯಿ ಬಡಿದುಕೊಂಡು ಅಳತೊಡಗಿದರು.

ತಿಪ್ಪಣ್ಣ ಸೀಟು ಕೈಬಿಟ್ಟ. ತನ್ನ ಹೆಂಡತಿಗೇ ಏನೋ ಆಗಿದೆ ಎಂದು ಅವನೂ ನೆಲಕ್ಕೆ ಕೂತು ಅತ್ತ. ನಾನು ಯಾರಿಗೆ ಏನು ಹೇಳಲಿ ಎಂದು ತಿಳಿಯದೆ ನಿಂತೆ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಈರಮ್ಮ ತಲೆಯ ಮೇಲೆ ಗಂಟು ಹೊತ್ತು ಓಡೋಡಿ ಬಂದಳು. ತಿಪ್ಪಣ್ಣನ ಮನೆಯಲ್ಲಿ ಸಾವಾಗಿದೆ ಎಂದು ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದ್ದರಂತೆ, ಗಂಡನೇ ಹೋದನೆಂದು ಬಂದಿದ್ದಳು. ಗಂಡ ಕೂತು ಅಳುವುದನ್ನು ಕಂಡು ಅರ್ಧ ಜೀವ ಬಂತು. ಆದರೂ ಎಲ್ಲರೂ ಅಳುವಾಗ ತಾನು ಸುಮ್ಮನಿರುವುದು ಸರಿಯಲ್ಲವೆಂದು ಹುಲಿಗೆಮ್ಮನ ಪಕ್ಕ ಕೂತು, ಸೆರಗು ಬಾಯಿಗಿಟ್ಟು ಅಳುತ್ತಲೇ ಕೇಳಿದಳು:

“ಯಾರ ಹೋದ್ರಬೇ ಯವ್ವಾ?”

ಹುಲಿಗೆಮ್ಮ ಕಣ್ಣು ತೆರೆಯದೆ, ರಾಗ ಬಿಡದೆ ಹೇಳಿದಳು:

“ತಿಪ್ಪಣ್ಣನ ಹೇಣ್ತಿ ಈರಮ್ಮ ಹೋದಳಬೇ.”

“ನಾನಽ?” ಎಂದಳು ಈರಮ್ಮ.

ಅಳು ಒಮ್ಮೆಲೇ ನಿಂತಿತು. ಹುಲಿಗೆಮ್ಮ ಕಣ್ಣು ಬಿಟ್ಟು ಈರಮ್ಮನ ಮುಖ, ಕೈ, ಕಾಲು ಮುಟ್ಟಿ ನೋಡಿದಳು. ನಾನು ನಡುವೆ ನಿಂತು, ಹೋದದ್ದು ಕಾರು, ಈರಮ್ಮನಲ್ಲ ಎಂದು ಹೇಳಿ, ಧೋತರ ಬಿಚ್ಚಿ ಸೀಟು ತೋರಿಸಿದೆ. ಮೊದಲು ನಕ್ಕವಳು ಈರಮ್ಮನೇ. ಸವತಿ ಸತ್ತ ಸುದ್ದಿ ತರಲು ಇಷ್ಟು ಜನ ಬೇಕಿತ್ತೇ ಎಂದಳು. ಆಮೇಲೆ ಓಣಿಯೇ ನಕ್ಕಿತು, ಆಗ ತಾನೇ ಅತ್ತ ಕಣ್ಣುಗಳಿಂದಲೇ.

ಆಮೇಲೆ ಒಂದು ಪೇಚು ಎದುರಾಯಿತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬಂದವರೆಲ್ಲ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಅಂಥ ಬುತ್ತಿಯನ್ನು ತಿರುಗಿ ಮನೆಗೆ ಒಯ್ಯುವಂತಿಲ್ಲ. ಬದುಕಿರುವವಳ ಮನೆಯಲ್ಲಿ ಅದನ್ನು ಉಣ್ಣುವುದು ಹೇಗೆ? ಎಲ್ಲರೂ ಹುಲಿಗೆಮ್ಮನ ಮುಖ ನೋಡಿದರು. ಅವಳು ಗಂಟು ಬಿಚ್ಚುತ್ತ ಹೇಳಿದಳು, ಸಾವಂತೂ ಆಗಿದೆ, ಈ ಊರುಗಳ ಎಷ್ಟು ಜನರನ್ನು ಹೊತ್ತ ಜೀವ ಅದು, ಕುಳಿತು ಉಣ್ಣಿರಿ ಎಂದು.

ಕಟ್ಟೆಯ ಮೇಲೆ ಕಾರಿನ ಸೀಟಿಟ್ಟು, ಸುತ್ತಲೂ ಕೂತರು. ಉಣ್ಣುತ್ತ ಒಬ್ಬೊಬ್ಬರು ಕಾರಿನ ಮಾತು ತೆಗೆದರು. ಬಾಗಲವಾಡದ ಒಬ್ಬ, ತನ್ನ ಮದುವೆಯ ದಿನ ಹೆಂಡತಿ ಇದೇ ಸೀಟಿನ ಮೇಲೆ ವಾಂತಿ ಮಾಡಿದ್ದನ್ನು ಹೇಳಿದ. ಹಾವು ಕಚ್ಚಿ ಬದುಕಿದವನೊಬ್ಬ ಕಾಲು ತೋರಿಸಿದ. ಆಗ ತಿಪ್ಪಣ್ಣ ಎದ್ದು, ಎರಡು ವರ್ಷ ಹೆಚ್ಚು ಬಾಳಿದ್ದು ನರಸಪ್ಪನ ಡಾಂಬರಿನಿಂದ ಎಂದು ಎಲ್ಲರ ಮುಂದೆ ನನ್ನನ್ನು ಹೊಗಳಿದ.

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಎದುರಿಗೆ ಹುಲಿಗೆಮ್ಮ ಕೂತಿದ್ದಳು. ನಾಲ್ಕು ದಿನದ ಕೆಳಗೆ ಜಾಲಿ ಗಿಡವೊಂದು ಇಲ್ಲದಿದ್ದರೆ ಆಕೆಯೂ, ಮಗಳೂ, ಹುಟ್ಟದ ಮೊಮ್ಮಗಳೂ ಕಾಲುವೆಯಲ್ಲಿ. ಈ ಬುತ್ತಿ ಆಗ ನಿಜವಾಗಿಯೂ ಮಲ್ಲಟಕ್ಕೆ ಹೋಗುತ್ತಿತ್ತು. ನಾನು ಎದ್ದು ನಿಂತು ಎಲ್ಲ ಹೇಳಿದೆ. ಹಸಿ ಮಣ್ಣು ಒಳಗೇ ಬಿಟ್ಟದ್ದು, ಮೇಲೆ ಡಾಂಬರು ಮುಚ್ಚಿದ್ದು, ಬಡಿದು ನೋಡದೆ ನೋಡಿದೆನೆಂದದ್ದು. ಕಾರು ಬಾಳಿದ್ದು ನನ್ನಿಂದಲ್ಲ, ಸತ್ತದ್ದು ನನ್ನಿಂದ ಎಂದೆ. ತಿಪ್ಪಣ್ಣ ನನ್ನ ಮುಖ ನೋಡಲಿಲ್ಲ. ಹುಲಿಗೆಮ್ಮ ಒಂದು ರೊಟ್ಟಿ ತೆಗೆದು, ಪುಂಡಿಪಲ್ಯ ಹಚ್ಚಿ ನನ್ನ ಮುಂದೆ ಹಿಡಿದಳು.

“ಮಾಡಿದ್ದುಣ್ಣೋ ಮಾರಾಯ ಅಂತಾರ. ನೀ ಮಾಡಿದ್ದು ಅವತ್ತ ನಾ ಉಂಡೆ. ಇವತ್ತ ನಾ ಮಾಡಿದ್ದು ನೀ ಉಣ್ಣು.”

ಆ ರೊಟ್ಟಿಯಷ್ಟು ಗಟ್ಟಿ ಪದಾರ್ಥವನ್ನು ನಾನು ಜನ್ಮದಲ್ಲಿ ನುಂಗಿಲ್ಲ. ಹುಲಿಗೆಮ್ಮನ ರೊಟ್ಟಿ ಬೆಣ್ಣೆಯಂತಿತ್ತು, ಗಟ್ಟಿ ಇದ್ದದ್ದು ನಾನು ಮಾಡಿದ್ದು.

ತಿಪ್ಪಣ್ಣ ಆರು ತಿಂಗಳು ನನ್ನೊಂದಿಗೆ ಮಾತು ಬಿಟ್ಟ. ಉಸ್ತಾದರು ಹುಡುಕಿ ಅವನಿಗೊಂದು ಹಳೇ ಜೀಪು ಕೊಡಿಸಿದರು. ಅದನ್ನು ಕೊಳ್ಳುವ ಮೊದಲು ಅವನು ನನಗೇ ಹೇಳಿಕಳಿಸಿದ. ನಾನು ಗೋಣಿಚೀಲ ಹಾಸಿ ಮಲಗಿ ಒಂದು ಗೇಣೂ ಬಿಡದೆ ಬಡಿದೆ. ಪಕ್ಕದಲ್ಲಿ ಅವನೂ ಮಲಗಿ ಕಿವಿಗೊಟ್ಟು ಕೇಳಿದ. ಅಲ್ಲಿಗೆ ಮಾತು ಮತ್ತೆ ಶುರುವಾಯಿತು. ಮುಂದೆ ತೆಳು ತಗಡಿನ ಸಣ್ಣ ಕಾರುಗಳು ಬಂದವು, ಎಲ್ಲ ಭಾಗವೂ ಡಬ್ಬಿಯಲ್ಲಿ ಸಿಗತೊಡಗಿದವು. ನಾನು ಸುತ್ತಿಗೆ ಬಿಡಲಿಲ್ಲ. ನಮ್ಮ ಗ್ಯಾರೇಜಿನಲ್ಲಿ ಒಂದು ರೂಢಿಯೂ ಹುಟ್ಟಿತು. ಗಾಡಿಯೊಂದು ಗುಜರಿಗೆ ಹೊರಟ ದಿನ ಮಾಲೀಕರ ಮನೆಯಿಂದ ಬುತ್ತಿ ಬರಬೇಕು, ಎಲ್ಲರೂ ಕೂತು ಉಣ್ಣಬೇಕು, ಗಾಡಿ ಯಾಕೆ ಹೋಯಿತು ಎಂಬುದನ್ನು ರಿಪೇರಿ ಮಾಡಿದವನು ಬಾಯಿಬಿಟ್ಟು ಹೇಳಬೇಕು.

ನಾನು ಕೆಲಸ ಬಿಟ್ಟ ದಿನ ತಿಪ್ಪಣ್ಣ ಕೋಲೂರಿಕೊಂಡು ಮಾನ್ವಿಯಿಂದ ಬಂದ. ಕೈಯಲ್ಲಿ ಈರಮ್ಮ ಕಟ್ಟಿಕೊಟ್ಟ ಬುತ್ತಿ. ನನ್ನನ್ನು ಗುಜರಿಗೆ ಹಾಕಲು ಬಂದೆಯಾ ಎಂದು ಕೇಳಿದೆ. ಅವನು ಉತ್ತರ ಕೊಡದೆ ನನ್ನನ್ನು ತಿರುಗಿಸಿ ನಿಲ್ಲಿಸಿ, ಬೆರಳ ಗಿಣ್ಣಿನಿಂದ ಬೆನ್ನ ಮೇಲೆ ಮೂರು ಸಲ ಬಡಿದು, ಕಿವಿ ಹಚ್ಚಿ ಕೇಳಿದ.

“ಠಣ್ ಅಂತದ” ಎಂದ. “ಇನ್ನಾ ನಡೀತದ. ಬಾ, ಉಣ್ಣೂಣು.”